ಹಾಡು ಮಾರಿದ ಅಂಗಡಿಗಳು

ಹಾಡಿನ ಚರಿತ್ರೆಯನ್ನು ಬರೆಯುವವರು ಹಾಡಿದವನನ್ನು ನೆನೆಯುತ್ತಾರೆ, ಹಾಡು ಕಟ್ಟಿದವನನ್ನು ನೆನೆಯುತ್ತಾರೆ, ಒಮ್ಮೊಮ್ಮೆ ಕೇಳಿ ಮೆಚ್ಚಿ ಶಾಲು ಹೊದಿಸಿದ ದೊರೆಯನ್ನೂ ನೆನೆಯುತ್ತಾರೆ. ಹಾಡನ್ನು ಮಾರಿದ ಅಂಗಡಿಯವನನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಧ್ವನಿಮುದ್ರಣವು ಬಂದ ಮೇಲಿನ ಕಾಲಕ್ಕೆ ಇದೊಂದು ದೊಡ್ಡ ಲೋಪವೆಂದೇ ನಾನು ಭಾವಿಸುತ್ತೇನೆ. ಏಕೆಂದರೆ ಹಾಡು ತಟ್ಟೆಯ ರೂಪವನ್ನು ತಾಳಿದ ದಿನದಿಂದ ಅದು ಸರಕಾಯಿತು. ಸರಕೆಂದ ಮೇಲೆ ಅದನ್ನು ಎಲ್ಲಿ ಇಡಬೇಕು, ಎಷ್ಟಕ್ಕೆ ಕೊಡಬೇಕು, ಇಡಬೇಕೇ ಬೇಡವೇ ಎಂದು ತೀರ್ಮಾನಿಸುವವನು ಅಂಗಡಿಯವನು. ಅವನ ತೀರ್ಮಾನದಿಂದ ಒಂದು ನಾಡಿನ ಹಳ್ಳಿಗಾಡಿನ ಕಿವಿ ಹೇಗೆ ರೂಪುಗೊಂಡಿತು ಎಂಬುದನ್ನು ಅಮೆರಿಕದ ನೂರು ವರ್ಷಗಳ ಕಥೆಯಿಂದ ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಕಥೆ ಆರಂಭವಾಗುವುದು ಜಾರ್ಜಿಯಾ ಸಂಸ್ಥಾನದ ಅಟ್ಲಾಂಟಾ ನಗರದ ಒಂದು ಪೀಠೋಪಕರಣದ ಅಂಗಡಿಯಲ್ಲಿ. ಆ ಕಾಲದಲ್ಲಿ ಗ್ರಾಮಫೋನು ಮನೆಯ ಬೀರು-ಮೇಜುಗಳ ಜಾತಿಗೆ ಸೇರಿದ ವಸ್ತು. ಮರದ ಪೆಟ್ಟಿಗೆಯನ್ನು ಮಾರುವವನೇ ಅದರ ಮೇಲೆ ತಿರುಗುವ ತಟ್ಟೆಯನ್ನೂ ಮಾರುತ್ತಿದ್ದನು. ಪೋಕ್ ಬ್ರಾಕ್‌ಮನ್ ಎಂಬಾತ ತನ್ನ ತಾತನ ಅಂಗಡಿಯಲ್ಲಿ ಈ ತಟ್ಟೆಗಳ ವ್ಯಾಪಾರವನ್ನು ನೋಡಿಕೊಳ್ಳುತ್ತಿದ್ದನು. ತನ್ನ ಗಿರಾಕಿಗಳ ಅಭಿರುಚಿ ಅವನಿಗೆ ಗೊತ್ತಿತ್ತು. ನ್ಯೂಯಾರ್ಕಿನ ಧ್ವನಿಮುದ್ರಣ ಕಂಪನಿಗಳಿಗೆ ಗೊತ್ತಿರಲಿಲ್ಲ. 1923ರ ಜೂನ್ ತಿಂಗಳಲ್ಲಿ ಒಕೆ ಕಂಪನಿಯ ರಾಲ್ಫ್ ಪೀರ್ ಯಂತ್ರಗಳನ್ನು ಹೊತ್ತು ಅಟ್ಲಾಂಟಾಕ್ಕೆ ಬಂದಾಗ, ಹತ್ತಿಯ ಗಿರಣಿಯಲ್ಲಿ ದುಡಿದಿದ್ದ ಜಾನ್ ಕಾರ್ಸನ್ ಎಂಬ ಪಿಟೀಲುಗಾರನ ಹಾಡನ್ನು ಮುದ್ರಿಸಿಕೊಳ್ಳಬೇಕೆಂದು ಬ್ರಾಕ್‌ಮನ್ ಪಟ್ಟುಹಿಡಿದನು. ಪೀರ್‌ಗೆ ಆ ಗಾಯನ ಎಳ್ಳಷ್ಟೂ ಹಿಡಿಸಲಿಲ್ಲ. ಆದರೆ 500 ಪ್ರತಿಗಳನ್ನು ತಾನೇ ಕೊಳ್ಳುವೆನೆಂದು ಅಂಗಡಿಯವನು ಒಪ್ಪಿಕೊಂಡಾಗ ಬೇಡವೆನ್ನಲು ಕಾರಣವೂ ಇರಲಿಲ್ಲ. ಕಂಪನಿಯ ಪಟ್ಟಿಯಲ್ಲಿ ಸಂಖ್ಯೆಯೇ ಇಲ್ಲದ ತಟ್ಟೆಗಳು ಆ ಒಬ್ಬ ಅಂಗಡಿಯವನಿಗಾಗಿ ಮಾತ್ರ ತಯಾರಾದವು, ಬಂದಂತೆಯೇ ಖರ್ಚಾದವು. ಮತ್ತಷ್ಟು ಬೇಕೆಂಬ ಬೇಡಿಕೆ ಬಂದ ಮೇಲೆಯೇ ಕಂಪನಿ ಎಚ್ಚೆತ್ತು, ಅದಕ್ಕೊಂದು ಸಂಖ್ಯೆ ಕೊಟ್ಟು ಸಾರ್ವತ್ರಿಕವಾಗಿ ಮಾರಾಟಕ್ಕೆ ಬಿಟ್ಟಿತು.

ಇದಕ್ಕೆ ಮುಂಚೆ, 1922ರಲ್ಲಿ, ಟೆಕ್ಸಾಸಿನ ಎಕ್ ರಾಬರ್ಟ್‌ಸನ್ ಪಿಟೀಲು ನುಡಿಸಿ ಮುದ್ರಿಸಿಕೊಟ್ಟದ್ದುಂಟು. ಆದರೆ ಇಂದು ಕಂಟ್ರಿ ಸಂಗೀತವೆಂದು ಹೆಸರಾದ ಹಳ್ಳಿಗರ ಸಂಗೀತಕ್ಕೆ ಕೊಳ್ಳುವವರಿದ್ದಾರೆ ಎಂದು ಜಗತ್ತಿಗೆ ತೋರಿಸಿಕೊಟ್ಟದ್ದು ಕಾರ್ಸನ್‌ನ ಆ ತಟ್ಟೆ. ಅಂದರೆ ಒಂದು ಇಡೀ ಸಂಗೀತ ಪ್ರಕಾರದ ವ್ಯಾಪಾರವು ಹುಟ್ಟಿದ್ದೇ ಒಂದು ಅಂಗಡಿಗೆ ಮೀಸಲಾದ ಮುದ್ರಣದಿಂದ. ಈ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಅಟ್ಲಾಂಟಾ ನಗರ, ಅಲ್ಲಿ ಅಂಗಡಿಯಿತ್ತು. ಅಂಗಡಿಯೇ ಇಲ್ಲದ ಬಯಲಿನ ಒಂಟಿಮನೆಯ ರೈತನ ಪಾಡೇನು? ಅವನಿಗೆ ಅಂಗಡಿಯಾದದ್ದು ಒಂದು ಪುಸ್ತಕ. ಮಾಂಟ್‌ಗೊಮರಿ ವಾರ್ಡ್ ಎಂಬ ಚಿಕಾಗೋ ವರ್ತಕನು 1872ರಲ್ಲಿ ಆರಂಭಿಸಿದ ಅಂಚೆಯ ವ್ಯಾಪಾರವನ್ನು ಸಿಯರ್ಸ್ ರೋಬಕ್ ಸಂಸ್ಥೆ ಮುಂದೆ ಬೃಹತ್ತಾಗಿ ಬೆಳೆಸಿತು. 1896ರಲ್ಲಿ ಹಳ್ಳಿಯ ಮನೆಬಾಗಿಲಿಗೆ ಉಚಿತವಾಗಿ ಅಂಚೆ ತಲಪಿಸುವ ಪ್ರಯೋಗ ಆರಂಭವಾಯಿತು. 1913ರ ಜನವರಿಯಿಂದ ಅಂಚೆಯವರು ದೊಡ್ಡ ಪಾರ್ಸೆಲುಗಳನ್ನೂ ಹೊತ್ತು ತರತೊಡಗಿದರು. ನೇಗಿಲು, ಹೊಲಿಗೆಯಂತ್ರ, ಪಾತ್ರೆಪಡಗಗಳ ಜೊತೆಗೆ ಗಿಟಾರು, ಗ್ರಾಮಫೋನು, ಹಾಡಿನ ತಟ್ಟೆ ಎಲ್ಲವೂ ಅದೇ ದಪ್ಪ ಪುಸ್ತಕದ ಪುಟಗಳಲ್ಲಿ ಅಕ್ಕಪಕ್ಕದಲ್ಲಿ ಕುಳಿತವು.

ಸಿಯರ್ಸ್ ಅಷ್ಟಕ್ಕೇ ನಿಲ್ಲಲಿಲ್ಲ. 1924ರಲ್ಲಿ ಅದು ಚಿಕಾಗೋದಲ್ಲಿ ತನ್ನದೇ ಬಾನುಲಿ ಕೇಂದ್ರವೊಂದನ್ನು ತೆರೆಯಿತು. ಅದರ ಹೆಸರು ಡಬ್ಲ್ಯು.ಎಲ್.ಎಸ್. ‘ಜಗತ್ತಿನ ಅತಿ ದೊಡ್ಡ ಅಂಗಡಿ’ ಎಂಬರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳವು! ‘ನ್ಯಾಷನಲ್ ಬಾರ್ನ್ ಡಾನ್ಸ್’ ಎಂಬ ಹಳ್ಳಿಯ ಹಾಡುಕುಣಿತದ ಕಾರ್ಯಕ್ರಮ ಅಲ್ಲಿಂದ ಪ್ರಸಾರವಾಗತೊಡಗಿತು. 1928ರಲ್ಲಿ ಸಿಯರ್ಸ್ ಆ ಕೇಂದ್ರವನ್ನು ಒಂದು ಕೃಷಿ ಪತ್ರಿಕೆಗೆ ಮಾರಿತಾದರೂ ಸಂಬಂಧದ ಫಲ ಉಳಿಯಿತು. ಒಕ್ಲಹೋಮದಲ್ಲಿ ರೈಲ್ವೆಯ ತಂತಿ ಗುಮಾಸ್ತನಾಗಿದ್ದ ಜೀನ್ ಆಟ್ರಿ ಅಲ್ಲಿ ಹಾಡಿ ಹೆಸರಾದನು. ಅವನ ಹಾಡುಗಳು ‘ಕಾಂಕರರ್’ ಎಂಬ ಮುದ್ರೆ ಹೊತ್ತ ತಟ್ಟೆಗಳಾಗಿ ಬಂದವು; ಆ ಮುದ್ರೆಯ ತಟ್ಟೆಗಳು ಸಿಯರ್ಸ್ ಹೊರತು ಬೇರೆಲ್ಲೂ ಸಿಗುತ್ತಿರಲಿಲ್ಲ. ಅವನ ಹೆಸರನ್ನು ಹೊತ್ತ ಗಿಟಾರನ್ನೂ ಅದೇ ಪುಸ್ತಕದ ಮೂಲಕ ತರಿಸಿಕೊಳ್ಳಬಹುದಾಗಿತ್ತು. ಹಾಡುವವನು, ಹಾಡನ್ನು ಕೇಳಿಸುವ ಬಾನುಲಿ, ಹಾಡಿನ ತಟ್ಟೆ, ಹಾಡು ಕಲಿಯಲು ವಾದ್ಯ ಇವೆಲ್ಲ ಒಂದೇ ಅಂಗಡಿಯ ಸುತ್ತ ನೆರೆದವು. ಇದನ್ನು ದಬ್ಬಾಳಿಕೆಯೆಂದು ಆ ರೈತ ಎಣಿಸಲಿಲ್ಲ. ಅವನ ಮಟ್ಟಿಗೆ ಅದು ಜಗತ್ತಿನತ್ತ ತೆರೆದ ಕಿಟಕಿ.

ಎರಡನೆಯ ಮಹಾಯುದ್ಧದ ತರುವಾಯ ಹಳ್ಳಿಗರ ಬಳಿ ಕಾರು ಬಂದಿತು, ಒಳ್ಳೆಯ ರಸ್ತೆಯಾಯಿತು. ಪುಸ್ತಕದ ಕಾಲ ಹೋಗಿ ಮಹಾಮಳಿಗೆಯ ಕಾಲ ಬಂದಿತು. 1962 ಈ ದೃಷ್ಟಿಯಿಂದ ವಿಶೇಷವಾದ ವರ್ಷ. ಕೆಮಾರ್ಟ್, ಟಾರ್ಗೆಟ್, ವಾಲ್‌ಮಾರ್ಟ್ ಮೂರೂ ಸರಣಿ ಅಂಗಡಿಗಳು ಆರಂಭವಾದದ್ದು ಆ ಒಂದೇ ವರ್ಷದಲ್ಲಿ. ಮೊದಲಿನೆರಡು ದೊಡ್ಡ ನಗರಗಳ ಅಂಚನ್ನು ಹಿಡಿದವು. ಮೂರನೆಯದರ ಸ್ಥಾಪಕ ಸ್ಯಾಮ್ ವಾಲ್ಟನ್ ಬೇರೆ ದಾರಿ ಹಿಡಿದನು. ಅರ್ಕನ್ಸಾ ಸಂಸ್ಥಾನದ ರಾಜರ್ಸ್ ಎಂಬ ಸಣ್ಣ ಊರಿನಲ್ಲಿ ಅವನ ಮೊದಲ ವಾಲ್‌ಮಾರ್ಟ್ ತೆರೆಯಿತು. ಬೇರೆಯವರು ಲೆಕ್ಕಕ್ಕೇ ತೆಗೆದುಕೊಳ್ಳದ ಐದು ಹತ್ತು ಸಾವಿರ ಜನಸಂಖ್ಯೆಯ ಊರುಗಳನ್ನು ಹುಡುಕಿ, ತನ್ನ ಪುಟ್ಟ ವಿಮಾನದಲ್ಲಿ ಮೇಲೆ ಸುತ್ತಿ ಜಾಗ ಗುರುತಿಸಿ, ತನ್ನ ಉಗ್ರಾಣದಿಂದ ಒಂದು ದಿನದ ಲಾರಿ ಪ್ರಯಾಣದೊಳಗೆ ಇರುವಂತೆ ಅಂಗಡಿಗಳನ್ನು ಅವನು ಹರಡುತ್ತ ಹೋದನು. 1990ರ ಸುಮಾರಿಗೆ ಅದು ಆ ದೇಶದ ಅತಿ ದೊಡ್ಡ ಚಿಲ್ಲರೆ ವ್ಯಾಪಾರ ಸಂಸ್ಥೆಯಾಗಿತ್ತು.

ನಮ್ಮ ಸಂತೆಯನ್ನು ಕಣ್ಣಮುಂದಿಟ್ಟುಕೊಂಡು ಈ ಮಳಿಗೆಯನ್ನು ಊಹಿಸಿಕೊಳ್ಳಬಾರದು. ಸಂತೆಯಲ್ಲಿ ಕೊಳ್ಳುವವರು ಹಲವರು, ಮಾರುವವರೂ ಹಲವರು. ಇಲ್ಲಿ ಕೊಳ್ಳುವವರು ಹಲವರು, ಮಾರುವವನು ಒಬ್ಬ. ಅಯೋವಾ ರಾಜ್ಯ ವಿಶ್ವವಿದ್ಯಾನಿಲಯದ ಕೆನೆತ್ ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು 1980ರ ದಶಕದ ಕೊನೆಯಿಂದ ಇದನ್ನು ಲೆಕ್ಕಹಾಕಿ ತೋರಿಸಿದರು. ಮಳಿಗೆ ಬಂದ ಊರಿನ ಒಟ್ಟು ವ್ಯಾಪಾರ ಮೊದಮೊದಲು ಏರುತ್ತದೆ. ಅದೇ ಸರಕನ್ನು ಮಾರುವ ಸ್ಥಳೀಯ ಅಂಗಡಿಗಳ ವ್ಯಾಪಾರವೂ ಸುತ್ತಣ ಇನ್ನೂ ಸಣ್ಣ ಊರುಗಳ ವ್ಯಾಪಾರವೂ ಇಳಿಯುತ್ತದೆ.

ಈ ಮಳಿಗೆಯೊಳಗೆ ಹಾಡು ಹೇಗೆ ಬಂದಿತು ಎಂಬುದನ್ನೂ ಹೇಳಬೇಕು. ಸೋಪು, ಟಯರು, ಬೆಡ್‌ಶೀಟು ಮಾರುವವನಿಗೆ ಸಂಗೀತದ ತಿಳಿವಳಿಕೆ ಎಲ್ಲಿಂದ ಬರಬೇಕು? ಆದುದರಿಂದ ಆ ಕೆಲಸವನ್ನು ಮಧ್ಯವರ್ತಿಗಳು ವಹಿಸಿಕೊಂಡರು. ಮಿಚಿಗನ್ನಿನ ಹ್ಯಾಂಡಲ್‌ಮನ್, ಟೆಕ್ಸಾಸಿನ ಆಂಡರ್ಸನ್ ಮುಂತಾದ ಸಂಸ್ಥೆಗಳು ಮಳಿಗೆಯಲ್ಲಿ ಕೆಲವು ಕಪಾಟುಗಳನ್ನು ವಹಿಸಿಕೊಂಡು, ಯಾವುದು ಓಡುತ್ತದೋ ಅದನ್ನು ತುಂಬಿ, ಓಡದ್ದನ್ನು ಹಿಂದಕ್ಕೆ ಒಯ್ಯುತ್ತಿದ್ದವು. ದೊಡ್ಡ ನಗರದ ಸಂಗೀತದಂಗಡಿಯಲ್ಲಿ ಹತ್ತಾರು ಸಾವಿರ ಹೆಸರುಗಳ ನಡುವೆ ಕೈಯಾಡಿಸುತ್ತ, ಬಯಸದೆ ಇದ್ದದ್ದನ್ನೂ ಕಂಡುಕೊಳ್ಳುವ ಸುಖವಿತ್ತು. ಇಲ್ಲಿ ಅದಿಲ್ಲ, ಈಗಾಗಲೇ ಗೆದ್ದದ್ದಕ್ಕೆ ಮಾತ್ರ ಇಲ್ಲಿ ಸ್ಥಳ.

ಹೀಗಿದ್ದರೂ ಈ ಮಳಿಗೆಗಳಿಂದ ಹಳ್ಳಿಗರಿಗೊಂದು ಗೌರವ ದೊರಕಿತೆಂಬುದನ್ನು ಮರೆಯುವಂತಿಲ್ಲ. ‘ಬಿಲ್‌ಬೋರ್ಡ್’ ಪತ್ರಿಕೆ ವಾರವಾರವೂ ಪ್ರಕಟಿಸುವ ಜನಪ್ರಿಯ ಆಲ್ಬಮ್ಮುಗಳ ಪಟ್ಟಿಯು ಬಹುಕಾಲ ಅಂಗಡಿಯವರು ದೂರವಾಣಿಯಲ್ಲಿ ಬಾಯಿಮಾತಿನಿಂದ ಹೇಳಿದ ವರದಿಯ ಮೇಲೆ ನಿಂತಿತ್ತು. 1991ರ ಮೇ ತಿಂಗಳಿಂದ ಅದು ಅಂಗಡಿಯ ಕಟ್ಟೆಯಲ್ಲಿ ಯಂತ್ರವು ಓದಿದ ಪಟ್ಟೆಗೆರೆಗಳ ಲೆಕ್ಕವನ್ನು ಅವಲಂಬಿಸಿತು. ಸೌಂಡ್‌ಸ್ಕ್ಯಾನ್ ಎಂದು ಆ ವ್ಯವಸ್ಥೆಯ ಹೆಸರು. ಯಂತ್ರಕ್ಕೆ ಅಭಿರುಚಿಯಿಲ್ಲ, ನಾಚಿಕೆಯೂ ಇಲ್ಲ. ಅದು ಎಣಿಸಿತು. ಎಣಿಸಿದಾಗ ನಗರದವರು ಕಡೆಗಣಿಸಿದ್ದ ಕಂಟ್ರಿ ಸಂಗೀತ ಪಟ್ಟಿಯ ಮೇಲುಭಾಗಕ್ಕೆ ಬಂದು ನಿಂತಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗಾರ್ತ್ ಬ್ರೂಕ್ಸ್ ಎಂಬ ಗಾಯಕನ ‘ರೋಪಿನ್ ದಿ ವಿಂಡ್’ ಬಿಡುಗಡೆಯಾದ ವಾರವೇ ಸಮಗ್ರ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಕಂಟ್ರಿ ಆಲ್ಬಮ್ಮೊಂದಕ್ಕೆ ಹಾಗಾದದ್ದು ಅದೇ ಮೊದಲು. ಬ್ರೂಕ್ಸ್ ಒಕ್ಲಹೋಮದವನು, ಹುಟ್ಟಿದ್ದು 1962ರಲ್ಲಿ, ವಾಲ್‌ಮಾರ್ಟ್ ಹುಟ್ಟಿದ ವರ್ಷದಲ್ಲಿಯೇ.

ಆದರೆ ಊರಿಗೆ ಬರುವ ದಾರಿ ಒಂದೇ ಆದಾಗ ಆ ದಾರಿಯಲ್ಲಿ ಸುಂಕದ ಕಟ್ಟೆಯೂ ಏಳುತ್ತದೆ. ಹಾಡುಗಳಲ್ಲಿ ಅಶ್ಲೀಲವೂ ಹಿಂಸೆಯೂ ಹೆಚ್ಚಿತೆಂಬ ತಾಯ್ತಂದೆಗಳ ಚಳವಳಿ 1985ರಲ್ಲಿ ನಡೆದು, ಧ್ವನಿಮುದ್ರಣ ಕಂಪನಿಗಳು ಎಚ್ಚರಿಕೆಯ ಚೀಟಿ ಅಂಟಿಸಲು ಒಪ್ಪಿಕೊಂಡವು. ಆ ಚೀಟಿ ಇದ್ದುದನ್ನು ವಾಲ್‌ಮಾರ್ಟ್ ಮಾರುವುದಿಲ್ಲವೆಂದಿತು. ಮಾರಬೇಕಾದರೆ ಮಾತು ತೆಗೆದ, ಚಿತ್ರ ತಿದ್ದಿದ ಬೇರೆ ಪ್ರತಿ ಬೇಕು. ತನ್ನ ಅಂಗಡಿಯಲ್ಲಿ ಏನಿರಬೇಕೆಂಬುದು ವರ್ತಕನ ಹಕ್ಕು, ನಿಜ. ಊರಿನಲ್ಲಿ ನಾಲ್ಕು ಅಂಗಡಿಗಳಿದ್ದರೆ ಅದು ಅಂಗಡಿಯ ನಿಯಮ. ಒಂದೇ ಇದ್ದರೆ ಅದು ಊರಿನ ನಿಯಮವಾಗುತ್ತದೆ.

ಉದಾಹರಣೆಗೆ ಎರಡು ಪ್ರಸಂಗಗಳನ್ನು ಹೇಳುತ್ತೇನೆ. ನಿರ್ವಾಣ ಎಂಬ ತಂಡದ ‘ಇನ್ ಯೂಟರೋ’ 1993ರಲ್ಲಿ ಹೊರಬಂದಾಗ ವಾಲ್‌ಮಾರ್ಟ್, ಕೆಮಾರ್ಟ್ ಎರಡೂ ಅದನ್ನು ನಿರಾಕರಿಸಿದವು. ಮರುವರ್ಷ ಹಿಂಬದಿಯ ಚಿತ್ರವನ್ನು ಬದಲಿಸಿ, ಒಂದು ಹಾಡಿನ ಶೀರ್ಷಿಕೆಯಲ್ಲಿದ್ದ ಅತ್ಯಾಚಾರವೆಂಬರ್ಥದ ಪದವನ್ನು ಕಿತ್ತು ಅರ್ಥಸಂಬಂಧವಿಲ್ಲದ ಬೇರೊಂದನ್ನಿಟ್ಟು ಹೊಸ ಪ್ರತಿ ಮಾಡಿಕೊಟ್ಟರು. ಹಾಡಿನೊಳಗೆ ಆ ಪದ ಹಾಗೆಯೇ ಇತ್ತು! ತಂಡದ ನಾಯಕ ಕರ್ಟ್ ಕೋಬೇನ್ ವಾಷಿಂಗ್‌ಟನ್ ಸಂಸ್ಥಾನದ ಅಬರ್ಡೀನ್ ಎಂಬ ಮರಕೊಯ್ಯುವವರ ಊರಿನಲ್ಲಿ ಬೆಳೆದವನು. ಸಣ್ಣ ಊರಿನ ಹುಡುಗರಿಗೆ ಇಂಥ ಮಳಿಗೆ ಬಿಟ್ಟರೆ ಬೇರೆ ಗತಿಯಿಲ್ಲವೆಂದು ತಿಳಿದೇ ಅವನು ಒಪ್ಪಿದನೆಂದು ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಮುಂದೆ ಹೇಳಿದರು. ಇನ್ನೊಂದು ಪ್ರಸಂಗ 1996ರದು. ಮಕ್ಕಳ ಕೈಗೆ ಬಂದೂಕು ಸಿಗುವುದರ ಬಗ್ಗೆ ಹಾಡುತ್ತ ಷೆರಿಲ್ ಕ್ರೋ ಎಂಬ ಗಾಯಕಿ ವಾಲ್‌ಮಾರ್ಟಿನ ಹೆಸರನ್ನೇ ಎತ್ತಿದ್ದಳು. ಸಾಲನ್ನು ಬದಲಿಸಲು ಆಕೆ ಒಪ್ಪಲಿಲ್ಲ. ಆ ಆಲ್ಬಮ್ಮು ಅಲ್ಲಿ ಮಾರಾಟವಾಗಲಿಲ್ಲ. ಒಬ್ಬನು ಕೇಳುಗನಿಗಾಗಿ ಪದವನ್ನು ಬಿಟ್ಟನು, ಒಬ್ಬಳು ಪದಕ್ಕಾಗಿ ಕೇಳುಗನನ್ನು ಬಿಟ್ಟಳು. ಇವರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ಸುಲಭವಲ್ಲ. ಇಂಥ ಆಯ್ಕೆಯನ್ನು ಕಲಾವಿದನ ಮುಂದೆ ಇಟ್ಟದ್ದು ಅಂಗಡಿ ಎಂಬುದು ಮಾತ್ರ ಸ್ಪಷ್ಟ.

ಇನ್ನು ಏಕಸ್ವಾಮ್ಯದ ಒಪ್ಪಂದಗಳ ವಿಷಯ. 1999ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ವರಮಾನ ಸುಮಾರು 1,460 ಕೋಟಿ ಡಾಲರುಗಳಷ್ಟಿತ್ತು. ಅದೇ ವರ್ಷ ನ್ಯಾಪ್‌ಸ್ಟರ್ ಬಂದು, ಹಾಡುಗಳನ್ನು ಗಣಕಯಂತ್ರಗಳ ಮೂಲಕ ಪುಕ್ಕಟೆಯಾಗಿ ಹಂಚಿಕೊಳ್ಳುವ ದಾರಿ ತೆರೆಯಿತು. ಅಲ್ಲಿಂದ ಸಿ.ಡಿ. ವ್ಯಾಪಾರ ಇಳಿಮುಖವಾಯಿತು. ಮಹಾಮಳಿಗೆಗಳಿಗೆ ಹಾಡಿನಿಂದ ಲಾಭವಾಗಬೇಕೆಂದೇನೂ ಇರಲಿಲ್ಲ. ಹತ್ತು ಡಾಲರಿನೊಳಗೆ ಸಿ.ಡಿ. ಕೊಟ್ಟು ಗಿರಾಕಿಯನ್ನು ಒಳಕ್ಕೆ ಕರೆದರೆ, ಅವನು ಹೊರಬರುವಾಗ ಗಾಡಿಯ ತುಂಬ ಬೇರೆ ಸಾಮಾನು ತುಂಬಿರುತ್ತಿತ್ತು. ಹಾಡನ್ನೇ ನಂಬಿ ಬದುಕಿದ ಅಂಗಡಿಯವನು ಆ ಬೆಲೆಗೆ ಹೇಗೆ ಸರಿಗಟ್ಟಬೇಕು? ಹೆಸರಾಂತ ಟವರ್ ರೆಕಾರ್ಡ್ಸ್ ಸರಣಿ 2006ರಲ್ಲಿ ಮುಚ್ಚಿಹೋಯಿತು.

ಹೆಸರು ಮಾಡಿದ ಹಿರಿಯ ಕಲಾವಿದರಿಗೆ ಈ ಸ್ಥಿತಿಯಲ್ಲಿ ಒಂದು ಉಪಾಯ ಹೊಳೆಯಿತು. ನಡುವಿನ ಧ್ವನಿಮುದ್ರಣ ಕಂಪನಿಯನ್ನು ಬಿಟ್ಟು ನೇರವಾಗಿ ಮಳಿಗೆಯೊಡನೆಯೇ ವ್ಯವಹರಿಸುವುದು. ಮಳಿಗೆ ಒಟ್ಟಾಗಿ ಲಕ್ಷಗಟ್ಟಲೆ ಪ್ರತಿ ಕೊಳ್ಳುವುದು. ಬೇರೆಲ್ಲೂ ಅದು ಸಿಗದಿರುವುದು. 2005ರ ಆಗಸ್ಟಿನಲ್ಲಿ ಗಾರ್ತ್ ಬ್ರೂಕ್ಸ್ ವಾಲ್‌ಮಾರ್ಟಿನೊಡನೆ ಇಂಥ ಒಪ್ಪಂದವನ್ನು ಸಾರಿದನು. 2007ರ ಅಕ್ಟೋಬರ್ 30ರಂದು ಈಗಲ್ಸ್ ತಂಡದ ‘ಲಾಂಗ್ ರೋಡ್ ಔಟ್ ಆಫ್ ಈಡನ್’ ಎಂಬ ಎರಡು ತಟ್ಟೆಗಳ ಆಲ್ಬಮ್ಮು 11.88 ಡಾಲರಿಗೆ ವಾಲ್‌ಮಾರ್ಟಿನಲ್ಲೂ ಅದರ ಸೋದರ ಸಂಸ್ಥೆಯಲ್ಲೂ ಮಾತ್ರ ಮಾರಾಟಕ್ಕೆ ಬಂದಿತು. ಮೊದಲ ವಾರದಲ್ಲೇ 7,11,000 ಪ್ರತಿಗಳು ಹೋದವು. ಒಂದೇ ಸರಣಿಯಲ್ಲಿ ಸಿಗುವುದನ್ನು ತನ್ನ ಪಟ್ಟಿಗೆ ಸೇರಿಸುವುದಿಲ್ಲವೆಂದಿದ್ದ ‘ಬಿಲ್‌ಬೋರ್ಡ್’ ಆ ವಾರವೇ ತನ್ನ ನಿಯಮವನ್ನು ಬದಲಿಸಿ ಅದಕ್ಕೆ ಮೊದಲ ಸ್ಥಾನ ಕೊಟ್ಟಿತು. ಮರುವರ್ಷ ಜರ್ನಿ ತಂಡ ಬಂದಿತು, ಆಮೇಲೆ ಎ.ಸಿ./ಡಿ.ಸಿ. ತಂಡ ಬಂದಿತು. ಆ ಕೊನೆಯ ತಂಡದ ‘ಬ್ಲ್ಯಾಕ್ ಐಸ್’ ಅಮೆರಿಕದಲ್ಲಿ ಮೊದಲ ವಾರ 7,84,000 ಪ್ರತಿಗಳಷ್ಟು ಹೋಯಿತು.

ಪ್ರತಿಭಟನೆ ಇಲ್ಲದೆ ಇರಲಿಲ್ಲ. 2003ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ತನ್ನ ಕಚೇರಿಗಳ ದೃಶ್ಯಮುದ್ರಿಕೆಯನ್ನು ಬೆಸ್ಟ್ ಬೈ ಸರಣಿಗೆ ಮೀಸಲಿಟ್ಟಾಗ, ಕೆನಡದ ಎಚ್.ಎಂ.ವಿ. ಅಂಗಡಿಗಳು ಆ ತಂಡದ ಮುದ್ರಿಕೆಗಳನ್ನೇ ಕಪಾಟಿನಿಂದ ಕೆಳಗಿಳಿಸಿದವು. ದುಡಿಯುವವರ ಪರವಾಗಿ ಹಾಡುತ್ತ ಬಂದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 2009ರಲ್ಲಿ ತನ್ನ ಆಯ್ದ ಹಾಡುಗಳ ಸಂಗ್ರಹವನ್ನು ವಾಲ್‌ಮಾರ್ಟಿಗೆ ಮಾತ್ರ ಕೊಟ್ಟನು; ಆ ಸಂಸ್ಥೆಯು ಕೆಲಸಗಾರರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ಟೀಕೆ ಬಂದಾಗ, ಹಾಗೆ ಮಾಡಬಾರದಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡನು. ಅಳಿದುಳಿದ ಸಣ್ಣ ಅಂಗಡಿಯವರು 2008ರಿಂದ ಒಟ್ಟುಗೂಡಿ ‘ರೆಕಾರ್ಡ್ ಸ್ಟೋರ್ ಡೇ’ ಎಂಬ ದಿನಾಚರಣೆಯನ್ನು ನಡೆಸತೊಡಗಿದರು. ಆ ದಿನ ಅವರಲ್ಲಿ ಮಾತ್ರ ಸಿಗುವ ತಟ್ಟೆಗಳನ್ನು ಕಲಾವಿದರು ಮಾಡಿಕೊಟ್ಟರು. ಶತ್ರುವಿನ ಅಸ್ತ್ರವೇ ಅವರಿಗೆ ಆತ್ಮರಕ್ಷಣೆಯ ಆಯುಧವಾಯಿತು.

ಈ ಪ್ರತಿಭಟನೆಯ ಬಗ್ಗೆ ನನಗೆ ಸಹಾನುಭೂತಿಯಿದೆ. ಆದರೂ ಅದರ ದನಿ ಬಹುಮಟ್ಟಿಗೆ ನಗರದ ದನಿ ಎಂಬುದನ್ನು ಗುರುತಿಸಬೇಕು. ನಗರದವನಿಗೆ ಏಕಸ್ವಾಮ್ಯವೆಂದರೆ ತನ್ನ ಮೆಚ್ಚಿನ ಅಂಗಡಿಯನ್ನು ಬಿಟ್ಟು ಊರ ಹೊರಗಿನ ಮಳಿಗೆಗೆ ಹೋಗಬೇಕಾದ ಅವಮಾನ. ಸಂಗೀತದಂಗಡಿಯನ್ನೇ ಕಾಣದ ಊರಿನವನಿಗೆ ಹೊಸ ಹಾಡು ಮೊಟ್ಟಮೊದಲು ತನ್ನಲ್ಲಿಗೇ ಬಂದ ಹೆಮ್ಮೆ. ಈ ಹೆಮ್ಮೆಯನ್ನು ಹಗುರವಾಗಿ ಕಾಣುವವರು ಕಂಟ್ರಿ ಸಂಗೀತದ ಹುಟ್ಟನ್ನೇ ಅರಿಯಲಾರರು.

ಹಾಗೆಂದು ಮಳಿಗೆಯ ನಿಷ್ಠೆಯನ್ನು ನಂಬಿ ಕೂಡುವಂತೆಯೂ ಇಲ್ಲ. 2008ರಲ್ಲಿ ಆಪಲ್ ಸಂಸ್ಥೆಯ ಐಟ್ಯೂನ್ಸ್ ಸಂಗೀತದ ಮಾರಾಟದಲ್ಲಿ ವಾಲ್‌ಮಾರ್ಟನ್ನು ಹಿಂದೆ ಹಾಕಿತು. ಕಪಾಟು ತುಂಬುತ್ತಿದ್ದ ಹ್ಯಾಂಡಲ್‌ಮನ್ ಸಂಸ್ಥೆ ಆ ವರ್ಷವೇ ತನ್ನ ವ್ಯಾಪಾರವನ್ನು ಕಳಚತೊಡಗಿತು. ಸಿ.ಡಿ. ಓಡದಾದಾಗ ಮಳಿಗೆಗಳು ಆ ಕಪಾಟುಗಳನ್ನು ಕುಗ್ಗಿಸಿದವು. ಅಷ್ಟು ಹೊತ್ತಿಗೆ ಊರಿನ ಮುಖ್ಯ ಬೀದಿಯಲ್ಲಿ ಆ ಸರಕನ್ನು ಮಾರುವ ಬೇರೆ ಅಂಗಡಿಯೂ ಉಳಿದಿರಲಿಲ್ಲ. ಒಂದೇ ಬಾಗಿಲಿದ್ದ ಮನೆಯಲ್ಲಿ ಆ ಬಾಗಿಲೂ ಕಿರಿದಾದ ಹಾಗಾಯಿತು.

2023ರ ನವೆಂಬರಿನಲ್ಲಿ ಗಾರ್ತ್ ಬ್ರೂಕ್ಸ್‌ನ ‘ಟೈಮ್ ಟ್ರಾವೆಲರ್’ ಎಂಬ ಹೊಸ ಆಲ್ಬಮ್ಮು ಏಳು ತಟ್ಟೆಗಳ ಪೆಟ್ಟಿಗೆಯೊಂದರ ಭಾಗವಾಗಿ ಹೊರಬಂದಿತು. ಅದನ್ನು ಮಾರಲು ಅವನು ಆರಿಸಿಕೊಂಡದ್ದು ಬಾಸ್ ಪ್ರೋ ಷಾಪ್ಸ್ ಎಂಬ ಸರಣಿಯನ್ನು. ಮಿಸ್ಸೂರಿಯ ಸ್ಪ್ರಿಂಗ್‌ಫೀಲ್ಡಿನಲ್ಲಿ ನೆಲೆಯಿರುವ ಈ ಅಂಗಡಿಗಳಲ್ಲಿ ಮಾರುವುದು ಮೀನಿನ ಗಾಳ, ಬೇಟೆಯ ಸಲಕರಣೆ, ದೋಣಿ. ಪೀಠೋಪಕರಣದ ಅಂಗಡಿಯವನು ಪಿಟೀಲುಗಾರನ ತಟ್ಟೆ ಮಾರಿ ಸರಿಯಾಗಿ ನೂರು ವರ್ಷಗಳಾಗಿದ್ದವು. ಹಳ್ಳಿಗನು ಎಲ್ಲಿಗೆ ಬರುತ್ತಾನೋ ಅಲ್ಲಿಗೆ ಹಾಡನ್ನು ಒಯ್ಯಬೇಕೆಂಬ ಯೋಚನೆ ಎರಡರಲ್ಲೂ ಒಂದೇ.

ಆದರೆ ಎರಡಕ್ಕೂ ವ್ಯತ್ಯಾಸವಿದೆ. ಬ್ರಾಕ್‌ಮನ್ 500 ತಟ್ಟೆ ತರಿಸಿದಾಗ ಬೇರೆ ಯಾರೂ ಆ ಹಾಡನ್ನು ಬೇಡಿರಲಿಲ್ಲ. ಅವನ ಮೀಸಲಾತಿಯಿಂದ ಬಾಗಿಲೊಂದು ತೆರೆಯಿತು, ಬಳಿಕ ಹಾಡು ಎಲ್ಲರ ಸೊತ್ತಾಯಿತು. ಈಚಿನ ಒಪ್ಪಂದಗಳಲ್ಲಿ ಎಲ್ಲರೂ ಬೇಡುವ ಹಾಡಿನ ಸುತ್ತ ಗೋಡೆ ಕಟ್ಟಲಾಗುತ್ತದೆ. 2016ರಲ್ಲಿ ಬ್ರೂಕ್ಸ್ ಅಂತರ್ಜಾಲದಲ್ಲಿ ಹಾಡು ಕೇಳಿಸುವ ಹಕ್ಕನ್ನು ಅಮೆಜಾನ್ ಒಂದಕ್ಕೇ ಕೊಟ್ಟದ್ದನ್ನು ನೋಡಿದರೆ, ಅಂಗಡಿ ಕಣ್ಣಿಗೆ ಕಾಣದಂತಾದರೂ ಗೋಡೆ ಹೋಗಿಲ್ಲವೆಂದು ತಿಳಿಯುತ್ತದೆ.

ಆದುದರಿಂದ ಇಂಥ ವ್ಯಾಪಾರವನ್ನು ತೂಗುವಾಗ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕೆಂದು ನನಗೆ ತೋರುತ್ತದೆ. ಹಿಂದೆ ಹಾಡು ತಲಪದಿದ್ದ ಊರಿಗೆ ಇದರಿಂದ ಹಾಡು ತಲಪಿತೆ? ತಲಪಿದ ಹಾಡು ಹಾಡಿದವನ ಬಾಯಿಂದ ಹೊರಟಂತೆಯೇ ಇಡಿಯಾಗಿ ತಲಪಿತೆ? ಮೊದಲ ಪ್ರಶ್ನೆಗೆ ಸಿಯರ್ಸ್ ಪುಸ್ತಕವೂ, ಒಂದು ಕಾಲದ ವಾಲ್‌ಮಾರ್ಟೂ ಹೌದೆಂದು ಉತ್ತರ ಕೊಡಬಲ್ಲವು. ಎರಡನೆಯದಕ್ಕೆ ಉತ್ತರ ಕೊಡಬೇಕಾದವರು ಅಬರ್ಡೀನಿನಂಥ ಊರುಗಳ ಹುಡುಗರು. ಅವರಲ್ಲಿ ಎಷ್ಟೋ ಮಂದಿಗೆ ತಮ್ಮ ಕೈಯಲ್ಲಿದ್ದುದು ತಿದ್ದಿದ ಪ್ರತಿ ಎಂಬುದೇ ತಿಳಿದಿರಲಿಕ್ಕಿಲ್ಲ.